ಉಳಿದ ಇಪ್ಪತ್ತು ಕೊಂಡಿ

ಜೂನ್ 3

ಮಗಳಿಗೆ ಅಪ್ಪ ಬರೆಯುವುದು.

ನಾನು ಚೆನ್ನಾಗಿದ್ದೇನೆ. ನಿನ್ನ ದೊಡ್ಡತ್ತೆಯೂ ಚೆನ್ನಾಗಿದ್ದಾಳೆ, ಅಂದರೆ ಬೆಳಗಿನಿಂದ ಸಂಜೆಯವರೆಗೆ ನನ್ನನ್ನು ಬೈಯುವಷ್ಟು ಶಕ್ತಿ ಇದೆ. ಫೋನು ಮಾಡುವುದಿಲ್ಲ ಎಂದು ಮುನಿಸಿಕೊಳ್ಳಬೇಡ. ಮೂವತ್ತು ವರ್ಷ ಕಬ್ಬಿಣ ಬಡಿದ ಕಿವಿ ಇದು. ಫೋನು ಎತ್ತಿದರೆ ಜೇನುಗೂಡಿಗೆ ಕಿವಿ ಕೊಟ್ಟ ಹಾಗೆ ಆಗುತ್ತದೆ, ಮಾತು ಮಾತ್ರ ಒಂದೂ ಕೇಳಿಸುವುದಿಲ್ಲ. ಪುಟ್ಟಿ ಹೇಗಿದ್ದಾಳೆ?

ಬರೆಯಲು ಕಾರಣ ಏನೆಂದರೆ, ಪಕ್ಕದ ಮನೆಯವರು ಒಂದು ಲೆಕ್ಕ ಕೇಳಿದರು. ಪೇಪರಿನಲ್ಲಿ ಬಂದದ್ದಂತೆ. ನನಗೆ ಬಿಡಿಸಲು ಬರಲಿಲ್ಲ. ನೀನು ಲೆಕ್ಕದ ಟೀಚರು, ನಿನಗೆ ನೀರು ಕುಡಿದಷ್ಟು ಸುಲಭ. ಒಂದು ಉದ್ದ ಬೇಲಿ, ಇನ್ನೂರ ನಲವತ್ತು ಗೂಟ. ಒಬ್ಬ ನಾಲ್ಕು ನಾಲ್ಕು ಗೂಟಕ್ಕೆ ಒಂದರಂತೆ ಬಾವುಟ ಕಟ್ಟಿಕೊಂಡು ಹೋಗುತ್ತಾನೆ. ಅವನ ಹಿಂದೆ ಇನ್ನೊಬ್ಬ ಆರು ಆರಕ್ಕೆ ಒಂದರಂತೆ ಕಟ್ಟುತ್ತಾನೆ. ಮೊದಲನೆಯವನಿಗೆ ಅರವತ್ತು ಬಾವುಟ, ಎರಡನೆಯವನಿಗೆ ನಲವತ್ತು, ಒಟ್ಟು ನೂರು ಕೊಟ್ಟಿದ್ದಾರೆ. ಆಗಲೇ ಬಾವುಟ ಇರುವ ಗೂಟ ಸಿಕ್ಕಿದರೆ ಎರಡನೆಯವನು ಅದನ್ನು ಬಿಟ್ಟು ಮುಂದೆ ಹೋಗುತ್ತಾನೆ. ಕೊನೆಗೆ ಅವನ ಕೈಯಲ್ಲಿ ಎಷ್ಟು ಬಾವುಟ ಉಳಿಯಬೇಕು?

ಇಪ್ಪತ್ತು ಉಳಿಯಬಹುದೇ? ಇಪ್ಪತ್ತು ಉಳಿದರೆ ಕೆಲಸ ಪೂರ್ತಿ ಆಗಿದೆ ಎಂದೇ ಅರ್ಥವೇ, ಅಥವಾ ಅವನು ಎಲ್ಲೋ ಬಿಟ್ಟಿದ್ದಾನೆ ಎಂದೇ? ಇದನ್ನು ಬಿಡಿಸಿ ಬರೆ. ಬರೀ ಉತ್ತರ ಬೇಡ, ಹೇಗೆ ಬಂತು ಎಂಬುದೂ ಇರಲಿ. ಆದಷ್ಟು ಬೇಗ ಬರೆ. ಪಕ್ಕದ ಮನೆಯವರು ಕಾಯುತ್ತಿದ್ದಾರೆ.

ನಿನ್ನ ಅಪ್ಪ


ಜೂನ್ 11

ಅಪ್ಪಾ,

ಎರಡು ತಿಂಗಳ ಮೇಲೆ ನಿನ್ನ ಅಕ್ಷರ ನೋಡಿದೆ. ‘ಪುಟ್ಟಿ ಹೇಗಿದ್ದಾಳೆ’ ಎಂಬುದು ಒಂದು ಸಾಲು, ಬೇಲಿಯದು ಒಂದೂವರೆ ಪುಟ! ಪಕ್ಕದ ಮನೆಯವರ ಮೇಲೆ ನಿನಗೆ ಇಷ್ಟೊಂದು ಪ್ರೀತಿ ಯಾವಾಗಿನಿಂದ?

ಇರಲಿ, ಲೆಕ್ಕ ಕೇಳು. ಇನ್ನೂರ ನಲವತ್ತನ್ನು ನಾಲ್ಕರಿಂದ ಭಾಗಿಸಿದರೆ ಅರವತ್ತು. ಆರರಿಂದ ಭಾಗಿಸಿದರೆ ನಲವತ್ತು. ಕೂಡಿ ನೂರು ಎಂದುಬಿಟ್ಟರೆ ಕೆಟ್ಟೆವು. ಹನ್ನೆರಡನೆಯ ಗೂಟ ನಾಲ್ಕರ ಮಗ್ಗಿಯಲ್ಲೂ ಬರುತ್ತದೆ, ಆರರ ಮಗ್ಗಿಯಲ್ಲೂ ಬರುತ್ತದೆ. ಇಪ್ಪತ್ತನಾಲ್ಕನೆಯದೂ ಹಾಗೇ. ಹೀಗೆ ಹನ್ನೆರಡಕ್ಕೆ ಒಂದರಂತೆ ಇಪ್ಪತ್ತು ಗೂಟಗಳು ಇಬ್ಬರ ಪಾಲಿಗೂ ಬರುತ್ತವೆ. ಅವನ್ನು ನಾವು ಎರಡು ಸಲ ಎಣಿಸಿದ್ದೇವೆ, ಒಂದು ಸಲ ಕಳೆಯಬೇಕು. ಬಾವುಟ ಇರುವ ಗೂಟ ಎಂಬತ್ತು, ಉಳಿದ ಬಾವುಟ ಇಪ್ಪತ್ತು. ನಿನ್ನ ಊಹೆ ಸರಿ. ಆ ಎರಡನೆಯವನು ಏನೂ ಬಿಟ್ಟಿಲ್ಲ, ಪಾಪ.

ನನ್ನ ಏಳನೇ ತರಗತಿಯಲ್ಲಿ ಇದನ್ನೇ ಆಟ ಮಾಡಿದೆ. ಇಪ್ಪತ್ತನಾಲ್ಕು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ನಾಲ್ಕರ ಮಗ್ಗಿಯವರು ಎಡಗೈ ಎತ್ತಿ, ಆರರ ಮಗ್ಗಿಯವರು ಬಲಗೈ ಎತ್ತಿ ಅಂದೆ. ಕೈ ಎಣಿಸಿದರೆ ಹತ್ತು, ಮಕ್ಕಳನ್ನು ಎಣಿಸಿದರೆ ಎಂಟು. ಇಬ್ಬರು ಪೊಲೀಸರಿಗೆ ಸಿಕ್ಕಿಬಿದ್ದವರ ಹಾಗೆ ಎರಡೂ ಕೈ ಎತ್ತಿಕೊಂಡು ನಿಂತಿದ್ದರು. ಎಲ್ಲರೂ ನಕ್ಕರು.

ಪುಟ್ಟಿಗೆ ಒಂಬತ್ತು ತುಂಬಿತು. ಶಾಲೆಗೆ ಹೋಗುವಾಗ ಬರುವಾಗ ಸೇತುವೆಯ ಸರಳು ಎಣಿಸುವುದು ಅವಳ ಹೊಸ ಹುಚ್ಚು. ನಮ್ಮ ಮನೆಯ ಕಡೆಯಿಂದ ನೂರ ಐವತ್ತಾರನೆಯ ಸರಳು ಹಾಡುತ್ತದಂತೆ. ಗಾಳಿ ಬೀಸಿದಾಗ ಸಣ್ಣಗೆ ಕಿರ್ ಎನ್ನುತ್ತದೆ, ನಾನೂ ಕೇಳಿದ್ದೇನೆ. ಹೋಗುವಾಗ ಒಂದು ಸಲ, ಬರುವಾಗ ಒಂದು ಸಲ ಅದಕ್ಕೆ ಕಿವಿ ಅಂಟಿಸಿ ನಿಲ್ಲುತ್ತಾಳೆ. ಕೈ ಹಿಡಿದು ಎಳೆಯಬೇಕು.

ಮುಂದಿನ ಕೋಣೆ ಇನ್ನೂ ನಿನಗಾಗಿಯೇ ಖಾಲಿ ಇದೆ. ಮನೆ ಕಟ್ಟಿ ಎರಡು ವರ್ಷವಾಯಿತು, ನೀನು ಹೊಸಿಲು ತುಳಿದಿಲ್ಲ. ನಾನೇನು ತಪ್ಪು ಮಾಡಿದೆ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಉತ್ತರ ಸಿಗದ ಲೆಕ್ಕ ಅದೊಂದೇ.

ನಿನ್ನ ಮಗಳು


ಜೂನ್ 20

ಮಗಳೇ,

ನಿನ್ನ ಕಾಗದ ಓದಿ ಹಿತ್ತಲ ಕಟ್ಟೆಯ ಮೇಲೆ ಕೂತುಬಿಟ್ಟೆ. ಕಣ್ಣಲ್ಲಿ ನೀರು ಬಂತು. ಅಕ್ಕ ಒಳಗಿನಿಂದ ಓಡಿಬಂದು, “ಯಾರಿಗೇನಾಯ್ತೋ? ಬಾಯಿ ಬಿಟ್ಟು ಹೇಳೋ!” ಅಂದಳು. “ಯಾರಿಗೂ ಏನೂ ಆಗಿಲ್ಲ ಕಣೇ, ಏನೂ ಆಗೋದೂ ಇಲ್ಲ” ಅಂದೆ. ಹುಚ್ಚು ಹಿಡಿದಿದೆ ಎಂದುಕೊಂಡು ಹೋದಳು.

ಬೇಲಿ ಇಲ್ಲ, ಬಾವುಟ ಇಲ್ಲ, ಪಕ್ಕದ ಮನೆಯವರಿಗೆ ಲೆಕ್ಕದ ಗಂಧವೂ ಇಲ್ಲ. ಅದು ನೀನು ದಿನಾ ದಾಟುವ ತೂಗುಸೇತುವೆ. ಈಗ ಹೇಳಿಬಿಡುತ್ತೇನೆ.

ಸೇತುವೆಯ ಎರಡು ಮಗ್ಗುಲಲ್ಲೂ ಉಕ್ಕಿನ ಹಗ್ಗದಿಂದ ಸರಳುಗಳು ಇಳಿಬಿದ್ದಿವೆಯಲ್ಲ, ಒಂದೊಂದು ಸರಳಿನ ಬುಡದಲ್ಲೂ ಒಂದು ಕೊಂಡಿ ಇದೆ. ಸರಳನ್ನು ಹಲಗೆಗೆ ಹಿಡಿದಿಡುವುದು ಅದೇ. ನೀರು ಬರುವ ಮೇಲುಗಡೆಯ ಸಾಲನ್ನು ಮೊದಲೇ ಪೂರ್ತಿ ಬದಲಿಸಿದ್ದರು. ನೀರು ಹೋಗುವ ಕೆಳಗಡೆಯ ಸಾಲಿನಲ್ಲಿ ಇನ್ನೂರ ನಲವತ್ತು ಹಳೆಯ ಕೊಂಡಿಗಳಿದ್ದವು. ನನ್ನ ಕೆಲಸದ ಕೊನೆಯ ವರ್ಷ, ಅದರಲ್ಲಿ ಕೆಲವನ್ನು ಬದಲಿಸಿ ಎಂದು ಹುಕುಂ ಬಂತು. ನನ್ನ ತಂಡ ನಾಲ್ಕಕ್ಕೊಂದು, ಸೀಟಿಯ ತಂಡ ಆರಕ್ಕೊಂದು. ಸೀಟಿ ಎಂದರೆ ನಿನಗೆ ನೆನಪಿರಬೇಕು, ಈಗ ನಿನ್ನ ಮನೆ ಇರುವ ದಡದಲ್ಲೇ ಹಿಂದಿನ ಓಣಿಯಲ್ಲಿದ್ದ ಇನ್ನೊಬ್ಬ ಮೇಸ್ತ್ರಿ. ಸದಾ ಸಿಳ್ಳೆ ಹಾಕುತ್ತಿದ್ದುದಕ್ಕೆ ಆ ಹೆಸರು. ಉಗ್ರಾಣದಿಂದ ನೂರು ಹೊಸ ಕೊಂಡಿ ಕೊಟ್ಟರು.

ನಾನು ನನ್ನ ಅರವತ್ತನ್ನೂ ಹಾಕಿ ಮುಗಿಸಿದೆ. ಆಮೇಲೆ ಕಿವಿಯ ಆಪರೇಷನ್ ಆಗಿ ಒಂದು ತಿಂಗಳು ಮಲಗಿದೆ. ಸೀಟಿ ತನ್ನ ಕೆಲಸ ಮಾಡಿದ್ದು ಆಗ. ನಾನು ತಿರುಗಿ ಹೋದ ದಿನ ಒಂದು ಪೆಟ್ಟಿಗೆ ತಂದು ನನ್ನ ಮೇಜಿನ ಮೇಲಿಟ್ಟ. ಇಪ್ಪತ್ತು ಹೊಸ ಕೊಂಡಿ ಉಳಿದಿದ್ದವು.

“ಯಾಕಯ್ಯ ಇದು?” ಅಂದೆ.

“ನೀನು ಹಾಕಿದ್ದ ಜಾಗಕ್ಕೇ ನನ್ನ ಎಣಿಕೆ ಬಂದ್ರೆ ಮತ್ತೆ ಯಾಕೆ ಹಾಕ್ಲಿ ಮೇಸ್ತ್ರಿ? ಬಿಟ್ಟೆ” ಅಂದ. ನನ್ನ ಮುಖ ನೋಡಲಿಲ್ಲ.

ವರದಿ ಆಗಲೇ ಟೈಪಾಗಿತ್ತು, ‘ನೂರು ಕೊಂಡಿ ಬದಲಾಯಿಸಲಾಗಿದೆ’ ಎಂದು. ಇಪ್ಪತ್ತನ್ನು ಉಗ್ರಾಣಕ್ಕೆ ತಿರುಗಿಸಿದರೆ ವರದಿ ತಿದ್ದಬೇಕು, ತಿದ್ದಿದರೆ ನೂರು ಪ್ರಶ್ನೆ. ನನ್ನ ನಿವೃತ್ತಿಗೆ ಮೂರು ದಿನ ಇತ್ತು. ರುಜು ಹಾಕಿದೆ. ಪೆಟ್ಟಿಗೆಯನ್ನು ಮನೆಗೆ ತಂದೆ. ಈಗಲೂ ಅದು ನನ್ನ ಮಂಚದ ಕೆಳಗಿದೆ.

ಅವತ್ತಿನಿಂದ ಹೆದರಿಕೆ ಹೊಟ್ಟೆಯೊಳಗೆ ಮನೆ ಮಾಡಿತು. ಇಬ್ಬರ ಎಣಿಕೆ ಇಪ್ಪತ್ತು ಕಡೆ ಕೂಡುತ್ತದೆಯೇ? ಸೀಟಿ ಸುಳ್ಳು ಹೇಳಿದನೇ? ಹೋಗಿ ಎಣಿಸಬಹುದಿತ್ತಲ್ಲ ಎಂದು ನೀನು ಕೇಳುತ್ತೀಯ. ಎಣಿಸಿದರೆ ಗೊತ್ತಾಗಿಬಿಡುತ್ತಿತ್ತು. ನನಗೆ ಗೊತ್ತಾಗುವುದೇ ಬೇಡವಾಗಿತ್ತು. ನಿನ್ನ ಮನೆಗೆ ಬರಬೇಕಾದರೆ ಆ ಸೇತುವೆ ಹತ್ತಬೇಕು, ಹತ್ತಿದರೆ ಕಣ್ಣು ತಾನಾಗಿ ಬುಡಕ್ಕೆ ಹೋಗುತ್ತದೆ. ಅದಕ್ಕೇ ಬರಲಿಲ್ಲ. ನೀನು ಏನೂ ತಪ್ಪು ಮಾಡಿಲ್ಲ, ಮಗಳೇ.

ಈಗ ನಿನ್ನ ಲೆಕ್ಕ ಬಂತು. ಇಪ್ಪತ್ತು ಉಳಿಯಲೇಬೇಕಿತ್ತು! ಎರಡು ವರ್ಷದ ಮೇಲೆ ನಿನ್ನೆ ಊಟ ರುಚಿಸಿತು.

ಹಗುರಾದ ನಿನ್ನ ಅಪ್ಪ


ಜೂನ್ 28

ಅಪ್ಪಾ,

ಮೊದಲು ಬೈಯುತ್ತೇನೆ. ಎರಡು ವರ್ಷ! ದಿನಾ ನಿನ್ನ ಮೊಮ್ಮಗಳ ಕೈ ಹಿಡಿದು ಆ ಹಲಗೆಗಳ ಮೇಲೆ ನಡೆದಿದ್ದೇನೆ. ನಿನಗೆ ಅಷ್ಟು ಭಯವಿದ್ದರೆ ಒಂದು ಮಾತು ಹೇಳಬಾರದಿತ್ತೇ? ನಾನು ಇಲ್ಲಿ, ನಿನಗೆ ಅಳಿಯಂದಿರನ್ನು ಕಂಡರಾಗದೆಂದೋ ನಮ್ಮ ಮನೆಯ ಅಡುಗೆ ಹಿಡಿಸುವುದಿಲ್ಲವೆಂದೋ ತಲೆ ಕೆಡಿಸಿಕೊಂಡಿದ್ದೆ. ನಿನ್ನ ಕಾಗದ ಓದಿದ ದಿನ ನಾನೂ ಹೆದರಿದೆ. ಸೇತುವೆಯ ನಡುವೆ ನಿಂತು ಕೆಳಗೆ ನೋಡಿದೆ. ಹೊಳೆ ತುಂಬಿದೆ, ಮಣ್ಣು ಬಣ್ಣ, ಮರದ ದಿಮ್ಮಿಗಳು ಕಡ್ಡಿಯಂತೆ ಹೋಗುತ್ತಿದ್ದವು.

ಆಮೇಲೆ ನನಗೆ ನಾನೇ ಬುದ್ಧಿ ಹೇಳಿಕೊಂಡೆ. ಲೆಕ್ಕ ಸುಳ್ಳು ಹೇಳುವುದಿಲ್ಲ. ಆದರೂ ನಿನ್ನ ಸಮಾಧಾನಕ್ಕೆ ಪುಟ್ಟಿಯನ್ನು ಕೆಲಸಕ್ಕೆ ಹಚ್ಚಿದೆ. ಹೊಸ ಕೊಂಡಿಗೆ ಚೌಕ ತಲೆ, ಹಳೆಯದಕ್ಕೆ ಗುಂಡು ತಲೆ, ಅವಳಿಗೆ ಮೊದಲೇ ಗೊತ್ತಿತ್ತು. ಕೆಳಗಡೆಯ ಸಾಲನ್ನು ಎರಡು ದಿನ ಎಣಿಸಿದಳು. ಚೌಕ ತಲೆ ಎಷ್ಟು ಗೊತ್ತೇ? ಎಂಬತ್ತು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಇನ್ನಾದರೂ ಆ ಪೆಟ್ಟಿಗೆ ಗುಜರಿಗೆ ಹಾಕು. ಮುಂದಿನ ತಿಂಗಳು ನೀನೇ ಇಲ್ಲಿಗೆ ಬಾ.

ಪರೀಕ್ಷೆಯ ಪೇಪರು ರಾಶಿ ಬಿದ್ದಿದೆ, ನಿಲ್ಲಿಸುತ್ತೇನೆ. ಪುಟ್ಟಿ ತಾನೂ ಬರೆಯಬೇಕೆಂದು ಹಟ ಮಾಡುತ್ತಿದ್ದಾಳೆ. ಅವಳೇ ಲಕೋಟೆ ಅಂಟಿಸುತ್ತಾಳಂತೆ.

ನಿನ್ನ ಮಗಳು

ತಾತಾ,

ಎಂಬತ್ತು ನಾನೇ ಎಣಿಸಿದ್ದು. ಅಮ್ಮನಿಗೆ ಇನ್ನೊಂದು ಹೇಳೋಕೆ ಹೋದೆ, ಆಮೇಲೆ ಹೇಳು ಅಂದಳು. ಅದಕ್ಕೆ ನಿನಗೆ ಹೇಳ್ತೀನಿ. ನಮ್ಮ ಮನೆ ಕಡೆಯಿಂದ ನಡು ಹಲಗೆವರೆಗೆ ಚೌಕ ತಲೆ ಐವತ್ತು ಇದೆ. ಅಲ್ಲಿಂದ ಶಾಲೆ ಕಡೆಗೆ ಮೂವತ್ತೇ ಇದೆ. ನಮ್ಮ ಕಡೆಯಿಂದ ಆರನೇದು ಚೌಕ, ಹನ್ನೆರಡನೇದು ಚೌಕ, ಹದಿನೆಂಟನೇದು ಚೌಕ. ಆರರ ಮಗ್ಗಿ ಹೇಳ್ಕೊಂಡು ಹೋದರೆ ನೂರ ಇಪ್ಪತ್ತರವರೆಗೆ ಸರಿಯಾಗಿ ಬರುತ್ತೆ. ಆಮೇಲೆ ಮಗ್ಗಿ ನಿಂತು ಹೋಗುತ್ತೆ. ಯಾಕೆ ತಾತಾ? ಹಾಡುವ ಸರಳಿಗೆ ಗುಂಡು ತಲೆ.

ನಿನ್ನ ಪುಟ್ಟಿ


ಜುಲೈ 4

ಮಗಳೇ,

ಸೇತುವೆ ಹತ್ತಬೇಡ. ಪುಟ್ಟಿಯನ್ನು ಹತ್ತಿಸಬೇಡ. ಅಕ್ಕನಿಂದ ನಿನ್ನ ಶಾಲೆಗೆ ಫೋನು ಮಾಡಿಸಿದ್ದೇನೆ. ಅವಳು ಏನು ಕೂಗಿದಳೋ, ಅವರಿಗೆ ಏನು ತಿಳಿಯಿತೋ ಗೊತ್ತಿಲ್ಲ. ಅದಕ್ಕೆ ಈ ಕಾಗದ.

ಪುಟ್ಟಿಯ ಚೀಟಿ ನೀನು ಓದಿಲ್ಲ ಎಂದು ಕಾಣುತ್ತದೆ. ನಿಮ್ಮ ಕಡೆಯಿಂದ ಆರನೆಯದು ಹೊಸದು ಎಂದು ಬರೆದಿದ್ದಾಳೆ. ಸೀಟಿಯೂ ನನ್ನ ಹಾಗೆ ಶಾಲೆಯ ದಡದಿಂದ ಎಣಿಸಿದ ಎಂದು ನಾನು ಅಂದುಕೊಂಡಿದ್ದೆ. ಅವನ ಮನೆ ಇದ್ದದ್ದು ನಿಮ್ಮ ದಡದಲ್ಲಿ! ಬೆಳಿಗ್ಗೆ ಮನೆಯಿಂದ ಬಂದವನು ಅಲ್ಲಿಂದಲೇ ಶುರು ಮಾಡಿದ್ದಾನೆ. ನನಗೆ ಬಂದ ಹುಕುಮಿನ ಚೀಟಿಯಲ್ಲಿ ನನ್ನ ಪಾಲಿನ ಕೆಲಸ ಮಾತ್ರ ಇತ್ತು, ಅವನು ಯಾವ ದಡದಿಂದ ಶುರು ಮಾಡಬೇಕು ಎಂಬುದು ಇರಲಿಲ್ಲ. ನಾನೂ ಕೇಳಲಿಲ್ಲ.

ನಿನ್ನ ಹಾಗೆ ಗುಣಿಸಿ ಭಾಗಿಸಲು ನನಗೆ ಬರುವುದಿಲ್ಲ. ಅಕ್ಕನ ಅಡುಗೆಮನೆಯಿಂದ ಬೆಂಕಿಪೊಟ್ಟಣಗಳನ್ನು ತಂದು ನಡುಮನೆಯ ಉದ್ದಕ್ಕೂ ಇನ್ನೂರ ನಲವತ್ತು ಕಡ್ಡಿ ಹಾಸಿದೆ. ಬಾಗಿಲ ಕಡೆಯಿಂದ ನಾಲ್ಕಕ್ಕೊಂದು ಕಡ್ಡಿ ಮುರಿದೆ. ಗೋಡೆಯ ಕಡೆಯಿಂದ ಆರಕ್ಕೊಂದು ಅಡ್ಡ ತಿರುಗಿಸಿದೆ. ಮುರಿದ ಕಡ್ಡಿಯೂ ಅಡ್ಡ ಕಡ್ಡಿಯೂ ಒಂದೇ ಆಗುವ ಜಾಗ ಹುಡುಕಿದೆ. ಇಪ್ಪತ್ತು ಬೇಡ, ಹತ್ತು ಬೇಡ, ಒಂದು ಸಿಗಲಿ ಎಂದು ಮೊಣಕಾಲೂರಿ ಹುಡುಕಿದೆ. ಒಂದೂ ಸಿಗಲಿಲ್ಲ. ನಿನ್ನ ಲೆಕ್ಕ ತಪ್ಪಲ್ಲ, ನಾನು ಕೊಟ್ಟ ಬೇಲಿಯೇ ತಪ್ಪು.

ಹಾಗಾದರೆ ಸೀಟಿ ಬಿಟ್ಟದ್ದು ನಾನು ಹಾಕಿದ್ದ ಜಾಗವಲ್ಲ. ಇಪ್ಪತ್ತು ಹಾಕಿ ನಡುವಿನವರೆಗೆ ಬಂದು ನಿಂತುಬಿಟ್ಟಿದ್ದಾನೆ. ನಡುವಿನಿಂದ ಶಾಲೆಯ ದಡದವರೆಗೆ ಇಪ್ಪತ್ತು ಹಾಕಿಯೇ ಇಲ್ಲ. ಪುಟ್ಟಿ ಕಿವಿ ಇಡುವ ಸರಳು ಅದರಲ್ಲೇ ಒಂದು.

ದೋಣಿಯಲ್ಲಿ ಹೋಗಿ. ತಡವಾದರೆ ಆಗಲಿ. ನಾನು ಸೀಟಿಯನ್ನು ಹುಡುಕಿಕೊಂಡು ಹೋಗುತ್ತೇನೆ.

ಅಪ್ಪ


ಜುಲೈ 9

ಅಪ್ಪಾ,

ಫೋನು ಬಂದಾಗ ಮಧ್ಯಾಹ್ನ. ಹೆಡ್‌ಮಿಸ್ ತರಗತಿಯ ಬಾಗಿಲಿಗೆ ಬಂದು, “ನಿಮ್ಮತ್ತೆಯಂತೆ. ಸೇತುವೆ ಹತ್ತಬೇಡಿ ಅಂತ ಮೂರು ಸಲ ಕೂಗಿ ಇಟ್ಟುಬಿಟ್ರು. ಏನ್ರೀ ಇದು?” ಅಂದರು. ಸೀಮೆಸುಣ್ಣ ಕೈಯಿಂದ ಬಿತ್ತು. ಕಾರಣ ಏನೂ ಗೊತ್ತಿಲ್ಲ, ಆದರೂ ಪುಟ್ಟಿಯ ತರಗತಿಗೆ ಓಡಿದೆ. ಸಂಜೆ ದೋಣಿಯಲ್ಲಿ ಹೋದೆವು. ಸೇತುವೆಯ ಕೆಳಗೆ ಹಾಯುವಾಗ ಮೇಲೆ ನೋಡಿದೆ. ನನ್ನದೇ ತರಗತಿಯ ಮಕ್ಕಳು ಕುಣಿಯುತ್ತ ದಾಟುತ್ತಿದ್ದರು. ಕೂಗಿದೆ. ಅವರು ಕೈ ಬೀಸಿದರು.

ಪುಟ್ಟಿಯನ್ನು ಕೇಳಿದೆ, ಚೀಟಿಯಲ್ಲಿ ಬರೆದದ್ದನ್ನೆಲ್ಲ ಹೇಳಿದಳು. ಎರಡು ನಿಮಿಷದ ಲೆಕ್ಕ ಅಪ್ಪಾ. ನಮ್ಮ ದಡದಿಂದ ಆರನೆಯದು ಆ ದಡದಿಂದ ಇನ್ನೂರ ಮೂವತ್ತೈದನೆಯದು. ಹನ್ನೆರಡನೆಯದು ಇನ್ನೂರ ಇಪ್ಪತ್ತೊಂಬತ್ತನೆಯದು. ಯಾವಾಗಲೂ ಬೆಸ ಸಂಖ್ಯೆಯೇ. ನಿನ್ನ ನಾಲ್ಕರ ಮಗ್ಗಿ ಯಾವಾಗಲೂ ಸಮ. ಅವೆರಡೂ ಕೂಡುವುದೇ ಇಲ್ಲ. ಯಾವ ಕಡೆಯಿಂದ ಎಣಿಸಿದರು ಎಂದು ಕೇಳದೆ ಉತ್ತರ ಕೊಟ್ಟವಳು ನಾನು. ಮಕ್ಕಳಿಗೆ ದಿನಾ ಹೇಳುತ್ತೇನೆ, ಪ್ರಶ್ನೆಯನ್ನು ಎರಡು ಸಲ ಓದಿ ಎಂದು.

ಮರುದಿನ ಕಚೇರಿಗೆ ಹೋದೆ. ಹೊಸ ಇಂಜಿನಿಯರು ಫೈಲು ತೆಗೆದರು. ಹುಕುಮಿನಲ್ಲಿ ಸ್ಪಷ್ಟವಾಗಿದೆ: ಮೊದಲ ತಂಡ ಶಾಲೆಯ ದಡದಿಂದ, ಎರಡನೆಯ ತಂಡ ನಮ್ಮ ದಡದಿಂದ. ಹೀಗೆ ಮಾಡಿದರೆ ಒಂದೂ ಎರಡು ಸಲ ಬರುವುದಿಲ್ಲ, ಪೂರ್ತಿ ನೂರು ಆಗುತ್ತದೆ ಎಂದು ಅಂಚಿನಲ್ಲಿ ಯಾರೋ ಬರೆದಿದ್ದಾರೆ. ಅವರ ಲೆಕ್ಕ ಸರಿಯಾಗಿಯೇ ಇತ್ತು.

“ನೋಡಿ ಮೇಡಂ, ನೂರು ಅಂತ ಇದೆ, ರುಜು ಇದೆ. ಒಂದು ಮಗು ಎಣಿಸಿತು ಅಂತ ಸೇತುವೆ ಮುಚ್ಚೋಕಾಗುತ್ತಾ? ದಿನಾ ಸಾವಿರ ಜನ ದಾಟ್ತಾರೆ” ಅಂದರು.

“ಅದಕ್ಕೇ ಬಂದಿದ್ದೀನಿ” ಅಂದೆ.

ಅವರು ಕೆಟ್ಟವರಲ್ಲ. ಫೈಲನ್ನು ಇನ್ನೊಮ್ಮೆ ತಿರುವಿ, “ರುಜು ಹಾಕಿದವರೇ ಬಂದು ಇದು ಸುಳ್ಳು ಅಂತ ಬರೆದುಕೊಡಲಿ, ಆ ಗಳಿಗೆಯಲ್ಲೇ ಮುಚ್ತೀನಿ. ಆದರೆ ಅವರ ಮೇಲೆ ವಿಚಾರಣೆ ಆಗುತ್ತೆ, ತಿಳಿದಿರಲಿ” ಅಂದರು. ಆ ರುಜು ನನ್ನ ಅಪ್ಪನದೆಂದು ಅವರಿಗೆ ನಾನು ಹೇಳಲಿಲ್ಲ. ಆ ಕಾಗದದ ಮೇಲೆ ನಿನ್ನ ಅಕ್ಷರ ನೋಡಿದೆ ಅಪ್ಪಾ. ನನ್ನ ಅಂಕಪಟ್ಟಿಯ ಮೇಲೆ ಹಾಕುತ್ತಿದ್ದೆಯಲ್ಲ, ಅದೇ ರುಜು.

ದಿನಾ ಬೆಳಿಗ್ಗೆ ಸೇತುವೆಯ ಬಾಯಲ್ಲಿ ನಿಂತು ದೋಣಿಯಲ್ಲಿ ಹೋಗಿ ಎಂದು ಜನರಿಗೆ ಹೇಳುತ್ತಿದ್ದೇನೆ. ಟೀಚರಮ್ಮನಿಗೆ ತಲೆ ಕೆಟ್ಟಿದೆ ಎಂದು ನಗುತ್ತ ಹತ್ತುತ್ತಾರೆ. ಗಾಳಿ ಬಂದಾಗ ಕಣ್ಣು ಮುಚ್ಚಿಕೊಳ್ಳುತ್ತೇನೆ. ವಿಚಾರಣೆಯ ಮಾತು ಮುಚ್ಚಿಟ್ಟು ನಿನ್ನನ್ನು ಕರೆಯಲಾರೆ. ಗೊತ್ತಿದ್ದೇ ಬಾ. ನಿಜವಾಗಿ ಹೇಳಬೇಕೆಂದರೆ, ನೀನು ಬರದೇ ಇದ್ದರೆ ಏನು ಮಾಡಲಿ ಎಂಬ ಭಯ ಹೊಳೆಯ ಭಯಕ್ಕಿಂತ ದೊಡ್ಡದಾಗಿದೆ.

ನಿನ್ನ ಮಗಳು


ಜುಲೈ 14

ಮಗಳೇ,

ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಈ ಕಾಗದಕ್ಕಿಂತ ಮೊದಲು ನಾನೇ ಬಂದು ಮುಟ್ಟುತ್ತೇನೆ. ಆದರೂ ಬರೆಯುವುದು ಯಾಕೆಂದರೆ, ಎದುರಿಗೆ ನಿಂತರೆ ಇದನ್ನು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸೀಟಿ ಸಿಕ್ಕಿದ್ದು ಐದನೇ ತಾರೀಖಿನಂದೇ. ಇಲ್ಲಿಂದ ಎರಡು ಗಂಟೆ ದಾರಿ, ಗರಗಸಕ್ಕೆ ಸಾಣೆ ಹಿಡಿಯುವ ಅಂಗಡಿ ಇಟ್ಟಿದ್ದಾನೆ. ನನ್ನನ್ನು ಕಂಡ ಕೂಡಲೇ ಚಕ್ರ ನಿಲ್ಲಿಸಿದ. ಸಿಳ್ಳೆ ಇರಲಿಲ್ಲ.

“ಪೆಟ್ಟಿಗೆ ವಿಷಯ ತಾನೆ?” ಅಂದ.

“ನಡುವಿನಲ್ಲಿ ಯಾಕೋ ನಿಲ್ಲಿಸ್ದೆ?”

ಅವನು ಹತ್ತಿರ ಬಂದು ನನ್ನ ಒಳ್ಳೆಯ ಕಿವಿಗೆ ಬಾಯಿಟ್ಟು ಹೇಳಿದ. “ಇಪ್ಪತ್ತನೇದು ಬಿಗಿ ಮಾಡಿ ತಲೆ ಎತ್ತಿ ನೋಡ್ದೆ ಮೇಸ್ತ್ರಿ. ಎರಡೂ ದಡ ಒಂದೇ ದೂರ. ಇಷ್ಟು ವರ್ಷ ಅದರ ಮೇಲೆ ಓಡಾಡಿದೋನು, ಅವತ್ತು ಕೈಕಾಲು ಕಲ್ಲಾಗಿ ಹೋಯ್ತು. ಹುಡುಗರನ್ನೆಲ್ಲ ಮನೆಗೆ ಕಳಿಸ್ದೆ, ಮಿಕ್ಕಿದ್ದು ನಾಳೆ ಅಂತ. ಹೊಟ್ಟೆ ಮೇಲೆ ತೆವಳ್ಕೊಂಡು ವಾಪಸ್ ಬಂದೆ. ನಾಳೆ ನಾಳೆ ಅಂತ ಹತ್ತು ದಿನ ಆಯ್ತು, ಹತ್ತೋಕೇ ಆಗ್ಲಿಲ್ಲ. ಹೆದರ್ಕೊಂಡೆ ಅಂತ ಯಾರಿಗೆ ಹೇಳ್ಲಿ? ಮೇಸ್ತ್ರಿ ಆದೋನು?”

ಬೈಯಬೇಕೆಂದು ಹೋಗಿದ್ದೆ. ಆಗಲಿಲ್ಲ. ಅವನು ಒಂದು ದಿನ ಹೆದರಿದ, ನಾನು ಎರಡು ವರ್ಷ ಹೆದರಿದೆ.

ಇದಕ್ಕಿಂತ ನಾಚಿಕೆಯ ಮಾತು ಇನ್ನೊಂದಿದೆ. ಅವನ ಬಾಯಿಂದ ಎಲ್ಲ ಕೇಳಿದ ಮೇಲೂ ನಾನು ಒಂಬತ್ತು ದಿನ ಅಕ್ಕನ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ನೀವಿಬ್ಬರೂ ದೋಣಿಯಲ್ಲಿ ಹೋಗುತ್ತೀರಿ, ಸಾಕು ಎಂದುಕೊಂಡೆ. ಬೇರೆಯವರ ಮಕ್ಕಳನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಜೈಲು ಎಂದರೆ ಹೇಗಿರುತ್ತದೋ, ಕಿವಿ ಕೇಳಿಸದವನನ್ನು ಅಲ್ಲಿ ಏನು ಮಾಡುತ್ತಾರೋ ಎಂದೇ ಯೋಚಿಸುತ್ತಿದ್ದೆ. ಇವತ್ತು ಬೆಳಿಗ್ಗೆ ನಿನ್ನ ಕಾಗದ ಬಂತು. ಮಕ್ಕಳು ಮೇಲಿನಿಂದ ಕೈ ಬೀಸಿದರು ಎಂದು ಬರೆದಿದ್ದೀಯ. ಅಲ್ಲಿಂದ ಮುಂದೆ ಓದಲು ಆಗಲಿಲ್ಲ, ವಿಚಾರಣೆಯ ಮಾತು ಓದಿದ್ದು ಈ ಬೆಂಚಿನ ಮೇಲೆ ಕೂತ ಮೇಲೆ. ಎದ್ದು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆ.

ಅಕ್ಕ ಬಾಗಿಲಲ್ಲಿ, “ಅದೇನೋ ಅಷ್ಟು ಭಾರ?” ಅಂದಳು. ಬಂದು ಹೇಳುತ್ತೇನೆ ಅಂದೆ. ಸೀಟಿಗೂ ಅವಳಿಂದ ಫೋನು ಮಾಡಿಸಿದೆ, ದಾರಿಯಲ್ಲಿ ಅವನೂ ಬಸ್ಸು ಹತ್ತುತ್ತಾನಂತೆ. ಹತ್ತುತ್ತಾನೋ ಇಲ್ಲವೋ ನೋಡಬೇಕು.

ಹೆದರಿದ್ದೇನೆ, ಆದರೂ ಬರುತ್ತಿದ್ದೇನೆ.

ನಿನ್ನ ಅಪ್ಪ


ಆಗಸ್ಟ್ 2

ಪುಟ್ಟಿಗೆ ತಾತ ಬರೆಯುವುದು.

ನೀನು ದಿನಾ ದೋಣಿಯಲ್ಲಿ ಬಂದು, ಶಾಲೆಯ ದಡದಲ್ಲಿ ತಂಗಿರುವ ನನ್ನ ಮುಖ ನೋಡಿಕೊಂಡು ಶಾಲೆಗೆ ಹೋಗುತ್ತೀಯ. ಆದರೂ ನಿನ್ನ ಚೀಟಿಗೆ ಉತ್ತರ ಬರೆದಿರಲಿಲ್ಲ. ಆರರ ಮಗ್ಗಿ ನಡುವಿನಲ್ಲಿ ಯಾಕೆ ನಿಂತುಹೋಗುತ್ತದೆ ಎಂದು ಕೇಳಿದ್ದೆ. ಅಲ್ಲಿ ಒಬ್ಬ ಮನುಷ್ಯ ಹೆದರಿಕೊಂಡ, ಅದಕ್ಕೆ. ಅದನ್ನು ಇನ್ನೊಬ್ಬ ಮುಚ್ಚಿಟ್ಟ. ಆ ಇನ್ನೊಬ್ಬ ನಿನ್ನ ತಾತ.

ನಾನು ಬರೆದುಕೊಟ್ಟ ಕಾಗದಕ್ಕೆ ರುಜು ಹಾಕಿದ ಗಳಿಗೆಯಲ್ಲೇ ಸೇತುವೆಗೆ ಹಗ್ಗ ಕಟ್ಟಿದರು. ಇಂಜಿನಿಯರು ಮಾತಿಗೆ ತಪ್ಪಲಿಲ್ಲ. ಯಾವ ಇಪ್ಪತ್ತು ಎಂದು ತೋರಿಸಲು ಕೆಲಸದವರಿಗೆ ನಿನ್ನ ಚೀಟಿಯನ್ನೇ ಕೊಟ್ಟೆ. ನಿಮ್ಮ ದಡದಿಂದ ನೂರ ಇಪ್ಪತ್ತಾರು, ನೂರ ಮೂವತ್ತೆರಡು, ಹೀಗೆ ಗುರುತು ಹಾಕುತ್ತ ಬಂದರು. ನೂರ ಐವತ್ತಾರನೆಯದಕ್ಕೆ ಸ್ಪ್ಯಾನರ್ ತಾಗಿಸಿದರು ಅಷ್ಟೇ, ತಿರುಗಿಸಲೂ ಇಲ್ಲ, ಕೊಂಡಿ ಎರಡು ತುಂಡಾಗಿ ಒಂದು ಹೊಳೆಗೆ ಬಿತ್ತು. ಇನ್ನೊಂದು ನನ್ನ ಜೇಬಿನಲ್ಲಿದೆ. ಹೆಬ್ಬೆರಳಿನಷ್ಟು ದಪ್ಪ ಇರಬೇಕಾದದ್ದು, ಸವೆದು ನಿನ್ನ ಪೆನ್ಸಿಲಿಗಿಂತ ತೆಳ್ಳಗಾಗಿದೆ. ಅದರ ಅಕ್ಕಪಕ್ಕದ ಇನ್ನೂ ಮೂರು ಹಾಗೇ ಇದ್ದವು. ಅದು ಹಾಡುತ್ತಿರಲಿಲ್ಲ ಪುಟ್ಟೀ.

ದಿನಕ್ಕೆ ಎರಡು ಸಲ ನೀನು ಅಲ್ಲಿ ನಿಂತು ಕಿವಿ ಇಡುತ್ತಿದ್ದೆ. ವಾರಕ್ಕೆ ಆರು ದಿನ. ಒಟ್ಟು ಎಷ್ಟು ಸಲ ಎಂದು ಮೊನ್ನೆ ಗುಣಿಸಲು ಕೂತೆ, ಅರ್ಧಕ್ಕೆ ಬಿಟ್ಟೆ. ಈ ಒಂದು ಲೆಕ್ಕವನ್ನು ನಿನ್ನ ಅಮ್ಮನಿಗೆ ಕೊಡಬೇಡ.

ಪೆಟ್ಟಿಗೆಯಲ್ಲಿದ್ದ ಇಪ್ಪತ್ತೂ ತಮ್ಮ ಜಾಗಕ್ಕೆ ಹೋದವು. ಉಳಿದ ಹಳೆಯವನ್ನೂ ಒಂದೊಂದಾಗಿ ತಟ್ಟಿ ನೋಡಿ, ಸವೆದದ್ದನ್ನೆಲ್ಲ ಬದಲಿಸಿದ್ದಾರೆ. ನನ್ನ ವಿಚಾರಣೆ ಮುಂದಿನ ವಾರ. ಏನಾಗುತ್ತದೋ ಗೊತ್ತಿಲ್ಲ, ಹೆದರಿಕೆ ಹೋಗಿಲ್ಲ.

ದೋಣಿಯಲ್ಲಿ ಮನೆಗೆ ಬಾ ತಾತಾ ಎಂದು ದಿನಾ ಕರೆಯುತ್ತೀಯ. ದೋಣಿಯಲ್ಲಿ ಬರುವುದಿಲ್ಲ. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಸೇತುವೆ ತೆರೆಯುತ್ತಾರೆ. ಜನರನ್ನು ಬಿಡುವ ಮೊದಲು ಇಬ್ಬರು ನಡೆದು ನೋಡಬೇಕಂತೆ, ಆ ಇಬ್ಬರು ನಾವೇ ಎಂದು ಇಂಜಿನಿಯರಿಗೆ ಹೇಳಿದ್ದೇನೆ. ಸೀಟಿ ನಿಮ್ಮ ದಡದಿಂದ ಹೊರಡುತ್ತಾನೆ, ನಾನು ಈ ದಡದಿಂದ. ನಡುವಿನಲ್ಲಿ ಅವನ ಕಾಲು ನಡುಗಿದರೆ ನಾನು ಹಿಡಿದುಕೊಳ್ಳಬೇಕು, ನನ್ನದು ನಡುಗಿದರೆ ಅವನು. ಆಮೇಲೆ ಇಬ್ಬರೂ ನಿಮ್ಮ ಮನೆಗೆ ಬರುತ್ತೇವೆ. ಮುಂದಿನ ಕೋಣೆಯ ಕಿಟಕಿ ತೆಗೆದಿಡಲು ಅಮ್ಮನಿಗೆ ಹೇಳು.

ನೀನು ಆ ಕಡೆಯ ಮೆಟ್ಟಿಲ ಮೇಲೆ ನಿಂತಿರು. ನಾನು ಒಂದೊಂದು ಸರಳಿಗೂ ಕೈ ಇಟ್ಟುಕೊಂಡು ಬರುತ್ತೇನೆ, ನೀನು ಎಣಿಸು. ಜೋರಾಗಿ ಎಣಿಸು ಪುಟ್ಟೀ, ಈ ಕಿವಿಗೂ ಕೇಳಿಸಬೇಕು.

ನಿನ್ನ ತಾತ